ಎಲ್ ಇಂಡಿಯೋ ಪಾತ್ರ ಮಾಡಿದ ವೊಲೊಂಟೆ ಆಮೇಲೆ ಎಲ್ಲಿ ಹೋದ?

ಹಳೇ_ಪ್ರೊಜೆಕ್ಟರ್
ಎಲ್ರಿಗೂ ನಮಸ್ಕಾರ. ಹೋದ ಭಾನುವಾರ ಅಪ್ಪನ ಜೊತೆ ಕೂತು 'ಫಾರ್ ಎ ಫ್ಯೂ ಡಾಲರ್ಸ್ ಮೋರ್' ನೋಡ್ದೆ. ಅಪ್ಪ ಕಾಲೇಜಲ್ಲಿದ್ದಾಗ ಬೆಂಗಳೂರಿನ ಕಂಟೋನ್ಮೆಂಟ್ ಕಡೆ ಥಿಯೇಟರಲ್ಲಿ ಎರಡು ಸಲ ನೋಡಿದ್ರಂತೆ, ಅವ್ರಿಗೆ ಈಸ್ಟ್‌ವುಡ್ ಅಂದ್ರೆ ಪ್ರಾಣ. ನಂಗೆ ಮಾತ್ರ ಪಿಕ್ಚರ್ ಪೂರ್ತಿ ಆ ವಿಲನ್ ಮೇಲೇ ಕಣ್ಣು. ಎಲ್ ಇಂಡಿಯೋ. ಪಾಳು ಚರ್ಚಲ್ಲಿ ಒಬ್ಬನ್ನ ಹಿಡ್ಕೊಂಡು ಬರ್ತಾರಲ್ಲ, ಹಿಂದೆ ಇವನನ್ನ ಹಿಡಿದುಕೊಟ್ಟೋನು, ಅವನ ಹೆಂಡ್ತಿ ಮಗೂನ ಹೊರಗಡೆ ಕಳ್ಸಿ ಗುಂಡು ಹಾರಿಸ್ತಾರೆ, ಆಮೇಲೆ ಪಾಕೆಟ್ ಗಡಿಯಾರ ತೆಗೆದು ಮುಚ್ಚಳ ಬಿಚ್ತಾನೆ, ಸಂಗೀತ ನಿಂತಾಗ ಗುಂಡು ಹೊಡಿ ಅಂತಾನೆ. ಕೊಂದಾದ ಮೇಲೆ ಗೆದ್ದ ಖುಷಿ ಇಲ್ಲ ಅವನ ಮುಖದಲ್ಲಿ, ಜ್ವರ ಬಂದೋರ ಥರ ನಡುಗ್ತಾ ಸಿಗರೇಟು ಕೇಳ್ತಾನೆ. ಆ ಮುಖ ನಂಗೆ ಮೂರು ದಿನ ಆದ್ರೂ ಹೋಗಿಲ್ಲ.

ಹುಡುಕಿದ್ರೆ ಹೆಸರು ಜಾನ್ ಮರಿಯಾ ವೊಲೊಂಟೆ ಅಂತ ಬಂತು. ಆದ್ರೆ ಇದಕ್ಕಿಂತ ಮುಂಚಿನ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಟೈಟಲಲ್ಲಿ ಯಾರೋ ಜಾನ್ ವೆಲ್ಸ್ ಅಂತಿದೆ, ಮುಖ ನೋಡಿದ್ರೆ ಇವನೇ. ಎರಡು ಪ್ರಶ್ನೆ. ಒಂದು, ಈ ಹೆಸರಿನ ಕಥೆ ಏನು? ಎರಡು, ಈಸ್ಟ್‌ವುಡ್ ಎಲ್ಲಿಗೋ ಹೋದ, ಅದೇ ಪಿಕ್ಚರಿನ ಇನ್ನೊಬ್ಬ ಹೀರೋ ಲೀ ವ್ಯಾನ್ ಕ್ಲೀಫ್ ಸಾಲುಸಾಲು ವೆಸ್ಟರ್ನ್ (ಕೌಬಾಯ್ ಸಿನಿಮಾ) ಮಾಡ್ದ, ಇವನು ಯಾಕೆ ಕಾಣಿಸ್ಲೇ ಇಲ್ಲ? ಹಾಲಿವುಡ್ ಕರೀಲಿಲ್ವಾ?

ಬಸವನಗುಡಿ_ಬೆಂಚು
ಜಾನ್ ವೆಲ್ಸ್ ಅಂತ ಯಾರೂ ಇಲ್ಲ. ಅದು ಇವನೇ.

ಸೆಲ್ಯುಲಾಯ್ಡ್_ಶೆಟ್ರು
ಬೆಂಚು ಅವ್ರು ಒಂದೇ ಸಾಲಲ್ಲಿ ಮುಗ್ಸಿದ್ರು, ನಾನು ಸ್ವಲ್ಪ ಬಿಡಿಸಿ ಹೇಳ್ತೇನೆ. 1964ರಲ್ಲಿ ಇಟಲಿಯವರು ವೆಸ್ಟರ್ನ್ ತೆಗೀತಾರೆ ಅಂದ್ರೆ ಇಟಲಿಯ ಜನವೇ ನಂಬುವುದಿಲ್ಲ ಅನ್ನುವ ಹೆದರಿಕೆ ಇತ್ತು ಮಾರಾಯ್ರೆ. ಹಾಗಾಗಿ ಎಲ್ಲರಿಗೂ ಅಮೆರಿಕದ ಹೆಸರು. ನಿರ್ದೇಶಕ ಸರ್ಜಿಯೋ ಲಿಯೋನೆ ಬಾಬ್ ರಾಬರ್ಟ್‌ಸನ್ ಆದರು, ಸಂಗೀತ ಕೊಟ್ಟ ಎನ್ನಿಯೋ ಮೊರಿಕೋನೆ ಡ್ಯಾನ್ ಸಾವಿಯೋ ಆದರು, ವೊಲೊಂಟೆ ಜಾನ್ ವೆಲ್ಸ್ ಆದರು. ಇಟಲಿ, ಸ್ಪೇನ್, ಪಶ್ಚಿಮ ಜರ್ಮನಿ ಮೂರೂ ಕಡೆಯ ದುಡ್ಡು, ಶೂಟಿಂಗ್ ಸ್ಪೇನಿನಲ್ಲಿ. ಈಸ್ಟ್‌ವುಡ್‌ಗೆ ಕೊಟ್ಟದ್ದು ಬರೀ 15,000 ಡಾಲರ್. ಸಿನಿಮಾ ಓಡಿದ್ದೇ ಓಡಿದ್ದು, ಮುಂದಿನ ವರ್ಷ ಎರಡನೆಯದು ಬರುವಾಗ ಯಾರಿಗೂ ಮುಚ್ಚಿಟ್ಟುಕೊಳ್ಳುವ ಅಗತ್ಯ ಇರಲಿಲ್ಲ.

ಎರಡನೆ ಪ್ರಶ್ನೆಗೆ ಉತ್ತರ ದೊಡ್ಡದುಂಟು. ಚಿಕ್ಕದಾಗಿ ಹೇಳುವುದಾದ್ರೆ ಅವರು ಎಲ್ಲಿಗೂ ಹೋಗಲಿಲ್ಲ, ನಾವು ನೋಡುವ ಕಡೆ ಬರಲಿಲ್ಲ ಅಷ್ಟೇ. ಅವರು ಮಾಡಿದ ವೆಸ್ಟರ್ನ್ ಒಟ್ಟು ನಾಲ್ಕೇ ನಾಲ್ಕು. ಆಮೇಲೆ ಯುರೋಪಿನ ಅತಿ ದೊಡ್ಡ ನಟರಲ್ಲಿ ಒಬ್ಬರಾದರು.

ಕೆಂಗೇರಿ_ಕಿರಣ
ಕ್ಷಮಿಸಿ, ನಂಗಂತೂ ಇಷ್ಟ ಆಗಲ್ಲ ಇವ್ರ ಆಕ್ಟಿಂಗು. ಕಣ್ಣು ಅರಳ್ಸೋದು, ಹಲ್ಲು ಕಡಿಯೋದು, ಗಹಗಹಿಸಿ ನಗೋದು. ಪಕ್ಕದಲ್ಲಿ ಈಸ್ಟ್‌ವುಡ್ ಹುಬ್ಬು ಕೂಡ ಅಲ್ಲಾಡಿಸದೆ ಸೀನ್ ತಿಂದ್ಹಾಕ್ತಾನೆ. ಓವರ್ ಆಕ್ಟಿಂಗ್ ಅನ್ನೋದಕ್ಕೆ ಬೇರೆ ಉದಾಹರಣೆ ಬೇಕಾ?

ಹಳೇ_ಪ್ರೊಜೆಕ್ಟರ್
ಕಿರಣ ಅವ್ರೇ ಅದು ಒಪ್ಪಲ್ಲ ನಾನು. ಎದುರುಗಡೆ ಬೆಂಕಿ ಇದ್ರೇನೇ ಈಸ್ಟ್‌ವುಡ್ ತಣ್ಣಗಿರೋದು ಕಾಣ್ಸೋದು. ಇಬ್ರೂ ಸುಮ್ನೆ ನಿಂತಿದ್ರೆ ಅದೇನು ಬಸ್ ಸ್ಟಾಪಾ?

ರಂಗಾಯಣದ_ಹಿಂಬಾಗಿಲು
ನಾನು ನಾಟಕದೋನು, ಅದಕ್ಕೇ ಮಧ್ಯೆ ಬಾಯಿ ಹಾಕ್ತಿದೀನಿ. ಓವರ್ ಆಕ್ಟಿಂಗ್ ಅಂತ ಸುಲಭವಾಗಿ ಹೇಳ್ಬೇಡಿ. ವೊಲೊಂಟೆ ಬಂದಿದ್ದು ರಂಗಭೂಮಿಯಿಂದ. ಹುಡುಗನಾಗಿದ್ದಾಗ್ಲೇ ಓದು ಬಿಟ್ಟು ಊರೂರು ಸುತ್ತೋ ನಾಟಕದ ತಂಡ ಸೇರ್ಕೊಂಡ, ನಮ್ಮ ಕಂಪನಿ ನಾಟಕದ ಥರದ್ದೇ, ಸೆಟ್ಟು ಸಾಮಾನೆಲ್ಲ ಗಾಡೀಲಿ ಹಾಕ್ಕೊಂಡು ಹೋಗೋದು, ಊರಲ್ಲಿ ಇಳಿದು ವೇದಿಕೆ ಕಟ್ಟೋದು, ಆಡೋದು, ಬಿಚ್ಚೋದು. ಆಮೇಲೆ ರೋಮ್‌ನ ರಾಷ್ಟ್ರೀಯ ನಾಟಕ ಅಕಾಡೆಮಿಗೆ ಹೋಗಿ 1957ರಲ್ಲಿ ಪಾಸಾದ. 1959ರಲ್ಲಿ ಇಟಲಿ ಟೀವೀಲಿ ದಾಸ್ತೋವ್‌ಸ್ಕಿಯ 'ಈಡಿಯಟ್' ಬಂದಾಗ ರೊಗೋಝಿನ್ ಇವನೇ. ಮೈಕಿಲ್ಲದೆ ಕೊನೇ ಸಾಲಿಗೆ ಕೇಳಿಸೋ ಹಾಗೆ ಮಾತಾಡೋದು ಕಲ್ತೋನ ಶರೀರ ಅದು. ನಮ್ಮ ವಜ್ರಮುನಿ ಅವ್ರನ್ನ ನೋಡಿ, 'ಪ್ರಚಂಡ ರಾವಣ' ನಾಟಕದಿಂದ ಬಂದೋರು. ಅವ್ರು ಕ್ಯಾಮೆರಾ ಮುಂದೆ ನಿಂತ್ರೆ ಚೌಕಟ್ಟು ಚಿಕ್ಕದಾಗ್ತಿತ್ತು. ಅದನ್ನ ಯಾರಾದ್ರೂ ಓವರ್ ಅಂತೀವಾ?

ಕೆಂಗೇರಿ_ಕಿರಣ
ವಜ್ರಮುನಿ ವಿಷ್ಯ ಬೇರೆ ಸಾರ್, ಅವ್ರು ನಮ್ಮೋರು.

ರಂಗಾಯಣದ_ಹಿಂಬಾಗಿಲು
ಅದೇ ನಾನು ಹೇಳ್ತಿರೋದು. ನಮ್ಮೋರು ಮಾಡಿದ್ರೆ ಗತ್ತು, ಇಟಲಿಯೋನು ಮಾಡಿದ್ರೆ ಓವರ್.

ಸೆಲ್ಯುಲಾಯ್ಡ್_ಶೆಟ್ರು
ಕಿರಣ ಹೇಳುವುದರಲ್ಲಿಯೂ ಹುರುಳಿದೆ, ಸುಮ್ಮನೆ ತಳ್ಳಿ ಹಾಕಬೇಡಿ. ಲಿಯೋನೆಗೂ ಇದೇ ತಕರಾರು ಇತ್ತು. ನಾಟಕ ಜಾಸ್ತಿ ಆಯ್ತು ಅನ್ನಿಸಿದಾಗ ಟೇಕ್ ಮೇಲೆ ಟೇಕ್ ತೆಗೆದು ಮನುಷ್ಯನನ್ನು ದಣಿಸಿ ಬಿಡುತ್ತಿದ್ದರಂತೆ, ಸುಸ್ತಾದ ಮೇಲೆ ಬರುವ ಅಭಿನಯವೇ ಬೇಕು ಅಂತ. 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ'ಯ ಟುಕೋ ಪಾತ್ರಕ್ಕೂ ಮೊದಲು ವೊಲೊಂಟೆ ಹೆಸರೇ ಇತ್ತು, ಆದ್ರೆ ಅದಕ್ಕೆ ನಗಿಸುವ ಗುಣ ಬೇಕು ಅಂತ ಈಲೈ ವಾಲಕ್‌ಗೆ ಕೊಟ್ಟರು. ಆ ನಿರ್ಧಾರ ಸರಿಯಾಗಿಯೇ ಇತ್ತು ಅಂತ ನನ್ನ ಅಭಿಪ್ರಾಯ.

ಟೊರಿನೋ_ತುಂಗಾ
ಒಂದು ತಿದ್ದುಪಡಿ ಎಲ್ರಿಗೂ. ನೀವೆಲ್ಲ ಇಂಗ್ಲಿಷಲ್ಲಿ ನೋಡಿ ದನಿ ಬಗ್ಗೆ, ಗಹಗಹಿಸೋ ಬಗ್ಗೆ ಮಾತಾಡ್ತಿದೀರಲ್ಲ, ಆ ದನಿ ವೊಲೊಂಟೆದಲ್ಲ. ಆ ಕಾಲದ ಇಟಲಿ ಸಿನಿಮಾಗಳಲ್ಲಿ ಸೆಟ್ಟಲ್ಲಿ ಶಬ್ದ ತಗೊಳ್ತಾನೇ ಇರ್ಲಿಲ್ಲ. ಒಬ್ಬ ಇಂಗ್ಲಿಷ್, ಒಬ್ಬ ಸ್ಪ್ಯಾನಿಷ್, ಒಬ್ಬ ಜರ್ಮನ್, ಅವರವರ ಭಾಷೇಲಿ ಬಾಯಿ ಅಲ್ಲಾಡ್ಸಿ ಬಿಡೋದು, ಆಮೇಲೆ ಸ್ಟುಡಿಯೋಲಿ ಕೂತು ಒಂದೊಂದು ದೇಶಕ್ಕೆ ಒಂದೊಂದು ದನಿ ಅಂಟ್ಸೋದು. ಇಂಗ್ಲಿಷ್ ಪ್ರಿಂಟಲ್ಲಿ ಎಲ್ ಇಂಡಿಯೋಗೆ ಮಾತಾಡಿರೋನು ಬೇರೆ ಯಾರೋ ಡಬ್ಬಿಂಗ್ ಕಲಾವಿದ. ಹಾಗಾಗಿ ನೀವು ನೋಡಿರೋದು ವೊಲೊಂಟೆಯ ಅರ್ಧ ಮಾತ್ರ. ಮೈ ಅವನದ್ದು, ದನಿ ಅಲ್ಲ.

ಅವನ ಸ್ವಂತ ದನಿ ಕೇಳ್ಬೇಕು ಅಂದ್ರೆ 1970ರ 'ಇನ್ವೆಸ್ಟಿಗೇಷನ್ ಆಫ್ ಎ ಸಿಟಿಜನ್ ಅಬವ್ ಸಸ್ಪಿಷನ್' ಮೂಲ ಇಟಾಲಿಯನ್ನಲ್ಲೇ ನೋಡಿ. ದಯವಿಟ್ಟು ಇಂಗ್ಲಿಷ್ ಡಬ್ ಹಾಕ್ಕೋಬೇಡಿ.

ಕೆಂಗೇರಿ_ಕಿರಣ
ಇದು ನಂಗೆ ಗೊತ್ತಿರ್ಲಿಲ್ಲ. ಹಾಗಾದ್ರೆ ಅರ್ಧ ಮಾತು ವಾಪಸ್ ತಗೊಂಡೆ. ಕಣ್ಣು ಅರಳ್ಸೋದು ಮಾತ್ರ ಅವನದ್ದೇ ಅಲ್ವಾ, ಅದು ಹಾಗೇ ಇರ್ಲಿ.

ಡಬ್ಬಿಂಗ್_ಬೇಕೇಬೇಕು
ನೋಡಿ, ಇಟಲಿಯೋರು ಜಗತ್ತಿನ ಎಲ್ಲಾ ಸಿನಿಮಾನೂ ಅವ್ರ ಭಾಷೇಲೇ ನೋಡಿದ್ರು, ಅವ್ರ ಭಾಷೆ ಸತ್ತೋಯ್ತಾ? ನಮ್ಮಲ್ಲಿ ವರ್ಷಗಟ್ಲೆ ಡಬ್ಬಿಂಗ್ ಬೇಡ ಅಂತ ತಡೆದ್ರಲ್ಲ, 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬರೋ ತನಕ ಕನ್ನಡದ ಮಕ್ಳು ಇಂಥ ಸಿನಿಮಾನ ಕನ್ನಡದಲ್ಲಿ ನೋಡೋಕೇ ಆಗ್ಲಿಲ್ಲ. ನಮ್ಮಜ್ಜಿ ಇಂಗ್ಲಿಷ್ ಬರ್ದೇ ಇದ್ರೂ ವೆಸ್ಟರ್ನ್ ನೋಡಿ ಕುದುರೆ ಲೆಕ್ಕ ಹಾಕ್ತಾ ಕೂರ್ತಿದ್ರು. ಕನ್ನಡದಲ್ಲಿದ್ದಿದ್ರೆ ಕಥೆ ಕೂಡ ಗೊತ್ತಾಗ್ತಿತ್ತು.

ರಂಗಾಯಣದ_ಹಿಂಬಾಗಿಲು
ಡಬ್ಬಿಂಗ್ ತಡೆದಿದ್ರಿಂದ ಇಲ್ಲಿನ ಕಲಾವಿದರಿಗೆ, ತಂತ್ರಜ್ಞರಿಗೆ ಕೆಲಸ ಸಿಕ್ತು ಅನ್ನೋದನ್ನೂ ಮರೀಬೇಡಿ. ಎರಡು ಕಡೆ ಮಾತಿದೆ.

ನಿರ್ವಾಹಕ_1
ಡಬ್ಬಿಂಗ್ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ವೊಲೊಂಟೆ.

ಧಾರವಾಡ_ಫೇಡೆ
ಅಲ್ರೀ, ಎಲ್ರೂ ಲಿಯೋನೆ ಲಿಯೋನೆ ಅಂತ ಕುಂತೀರಿ, ಉಳಿದ ಎರಡು ವೆಸ್ಟರ್ನ್ ಬಗ್ಗೆ ಒಬ್ರೂ ಮಾತಾಡವಲ್ರಿ. 'ಎ ಬುಲೆಟ್ ಫಾರ್ ದಿ ಜನರಲ್' ನೋಡೀರೇನು? ದಾಮಿಯಾನೋ ದಾಮಿಯಾನಿ ಮಾಡಿದ್ದು, 1966ರದ್ದು. ಮೆಕ್ಸಿಕೋ ಕ್ರಾಂತಿ ಟೈಮು. ವೊಲೊಂಟೆ ಚುಂಚೋ ಅನ್ನೋ ಡಕಾಯಿತ, ಸರ್ಕಾರದ ರೈಲು ಲೂಟಿ ಮಾಡಿ ಬಂದೂಕು ತಗೊಂಡು ಕ್ರಾಂತಿಯವರಿಗೆ ಮಾರ್ತಾನ. ಅವನ ಗುಂಪಿಗೆ ಒಬ್ಬ ನೀಟಾದ ಅಮೆರಿಕದ ಹುಡುಗ ಬಂದು ಸೇರ್ಕೋತಾನ, ಸೂಟು ಬೂಟು, ಕುಡಿಯಂಗಿಲ್ಲ, ಹೆಣ್ಣಿನ ಕಡೆ ನೋಡಂಗಿಲ್ಲ. ಚುಂಚೋ ಅವನ್ನ ತಮ್ಮನ ಹಂಗ ನೋಡ್ಕೋತಾನ. ಆದ್ರ ಆ ಹುಡುಗ ಬಂದಿದ್ದು ಕ್ರಾಂತಿಯ ಜನರಲ್‌ನ ಕೊಲ್ಲಾಕ, ಬಾಡಿಗೆ ಕೊಲೆಗಾರ. ಕೆಲಸ ಮುಗಿಸಿ ಬಂದ ರೊಕ್ಕದಾಗ ಚುಂಚೋಗೂ ಅರ್ಧ ಪಾಲು ಕೊಡ್ತಾನ, ಹೊಸ ಬಟ್ಟಿ ಹೊಲಿಸ್ತಾನ, ನಡಿ ಅಮೆರಿಕಕ್ಕ ಹೋಗೋಣು ಅಂತಾನ.

ಕ್ಲೈಮ್ಯಾಕ್ಸ್ ರೈಲ್ವೆ ಸ್ಟೇಶನ್ನಿನ್ಯಾಗ. ಟಿಕೆಟ್ ತಗೊಳ್ಳಾಕ ಬಡವರು ಸಾಲಾಗಿ ನಿಂತಾರ, ಈ ಹುಡುಗ ಅವರನ್ನ ದಬ್ಬಿ ಮುಂದ ಹೋಗ್ತಾನ. ಚುಂಚೋ ಅದನ್ನ ನೋಡ್ತಾನ. ಅಷ್ಟ. ಮುಖದಾಗ ಏನೂ ದೊಡ್ಡ ಬದಲಾವಣಿ ಇಲ್ಲ, ಆದ್ರ ಒಳಗ ಏನೋ ತಿರುಗ್ತೈತಿ. ರೈಲು ಹತ್ತೋ ಮುಂದ ಗುಂಡು ಹೊಡೀತಾನ. ಯಾಕ ಅಂತ ಕೇಳಿದ್ರ ಹೇಳಾಕ ಬರಂಗಿಲ್ಲ ಅವಗ, ಯಾರಿಗ್ಗೊತ್ತು ಅಂತಾನ. ಇಟಾಲಿಯನ್ ಪ್ರಿಂಟಿನ ಹೆಸರ ಅದು, 'ಕಿಯೆನ್ ಸಾಬೆ?', ಯಾರಿಗ್ಗೊತ್ತು ಅಂತ. ಕೈಯಾಗಿದ್ದ ರೊಕ್ಕ ಬೂಟ್ ಪಾಲಿಶ್ ಮಾಡೋನಿಗೆ ಕೊಟ್ಟು, ರೊಟ್ಟಿ ತಗೋಬ್ಯಾಡ, ಡೈನಮೈಟ್ ತಗೋ ಅಂತ ಒದರಿಕೋತ ಓಡ್ತಾನ. ಕಿರಣ ಅವರ, ಇದನ್ನ ನೋಡಿ ಬಂದು ಆಮೇಲೆ ಹೇಳ್ರಿ ಓವರ್ ಆಕ್ಟಿಂಗೋ ಏನೋ.

ಸೆಲ್ಯುಲಾಯ್ಡ್_ಶೆಟ್ರು
ಫೇಡೆಯವ್ರು ಹೇಳಿದ್ದು ನೂರಕ್ಕೆ ನೂರು. ಅದರ ಚಿತ್ರಕಥೆಯಲ್ಲಿ ಫ್ರಾಂಕೋ ಸೊಲಿನಾಸ್ ಕೈ ಉಂಟು, 'ಬ್ಯಾಟಲ್ ಆಫ್ ಅಲ್ಜಿಯರ್ಸ್' ಬರೆದವರೇ. ದಾಮಿಯಾನಿ ಅಂತೂ ಇದು ವೆಸ್ಟರ್ನೇ ಅಲ್ಲ ಅಂತ ವಾದಿಸುತ್ತಿದ್ದರು.

ಬಸವನಗುಡಿ_ಬೆಂಚು
ಕುದುರೆ ಇದೆ, ಟೋಪಿ ಇದೆ, ರೈಲು ದರೋಡೆ ಇದೆ. ವೆಸ್ಟರ್ನೇ.

ಮಲ್ಲಿಗೆ_ಮಾತು
'ಫೇಸ್ ಟು ಫೇಸ್' ಮರೀಬೇಡಿ, 1967, ಸರ್ಜಿಯೋ ಸೊಲೀಮಾ. ನನ್ನ ಪ್ರಕಾರ ನಾಲ್ಕರಲ್ಲಿ ಅದೇ ಬೆಸ್ಟು. ಬಾಸ್ಟನ್ನಿನ ಇತಿಹಾಸದ ಪ್ರೊಫೆಸರ್, ಕ್ಷಯ ರೋಗ, ಗಾಳಿ ಬದಲಾದ್ರೆ ಒಳ್ಳೇದು ಅಂತ ಪಶ್ಚಿಮಕ್ಕೆ ಬರ್ತಾನೆ. ಬೇಡಿ ಹಾಕಿ ಕೂರಿಸಿರೋ ಒಬ್ಬ ಡಕಾಯಿತನಿಗೆ ಅಯ್ಯೋ ಪಾಪ ಅಂತ ನೀರು ಕೊಡೋಕೆ ಹೋಗಿ ಅವನ ಒತ್ತೆಯಾಳಾಗ್ತಾನೆ. ಆ ಡಕಾಯಿತ ತೋಮಸ್ ಮಿಲಿಯನ್. ಮುಂದೆ ಇಬ್ರೂ ಜಾಗ ಬದಲಾಯಿಸ್ಕೋತಾರೆ, ಡಕಾಯಿತನಿಗೆ ನಿಧಾನಕ್ಕೆ ಮನುಷ್ಯತ್ವ ಹುಟ್ಟತ್ತೆ, ಮೇಷ್ಟ್ರಿಗೆ ಹಿಂಸೆ ರುಚಿ ಹತ್ತತ್ತೆ. ಮೊದಲರ್ಧದಲ್ಲಿ ವೊಲೊಂಟೆ ಭುಜ ಒಳಗೆ ಎಳ್ಕೊಂಡು ಕೆಮ್ಮುತಾ ಕೂರ್ತಾನೆ, ಎರಡನೇ ಅರ್ಧದಲ್ಲಿ ಬೆನ್ನು ನೆಟ್ಟಗಾಗಿರತ್ತೆ. ಓದಿಕೊಂಡೋನು ಕ್ರೂರಿ ಆದ್ರೆ ಅದಕ್ಕೆ ಸಿದ್ಧಾಂತ ಕೂಡ ಕಟ್ಟಿಕೋತಾನೆ, ಅದು ಓದದೇ ಇರೋ ಡಕಾಯಿತನಿಗಿಂತ ಅಪಾಯ. ನಾನು ಮೇಷ್ಟ್ರ ಮಗಳು, ಅದಕ್ಕೇ ಇರ್ಬೇಕು, ಆ ಸಿನಿಮಾ ನಂಗೆ ತುಂಬ ಚುಚ್ಚಿತ್ತು. ಎಲ್ ಇಂಡಿಯೋ ಮಾಡಿದ ಮನುಷ್ಯನೇ ಇವನು ಅಂತ ಅರ್ಧ ಸಿನಿಮಾ ಆಗೋವರೆಗೂ ಗೊತ್ತೇ ಆಗ್ಲಿಲ್ಲ ನಂಗೆ.

ಎಡವಟ್ಟು_ಎಂಜಿನಿಯರ್
ನಂಗೊಂದು ಡೌಟು. ಇಷ್ಟೆಲ್ಲ ಮಾಡೋ ಶಕ್ತಿ ಇದ್ದೋನು ಇಪ್ಪತ್ತು ವೆಸ್ಟರ್ನ್ ಮಾಡ್ಬೋದಿತ್ತು, ದುಡ್ಡು ಮಾಡಿ ಹಾಲಿವುಡ್‌ಗೆ ಹೋಗ್ಬೋದಿತ್ತು. ನಾಲ್ಕಕ್ಕೆ ನಿಲ್ಸಿದ್ದು ಅವಕಾಶ ಕಳ್ಕೊಂಡ ಹಾಗಲ್ವಾ?

ಟೊರಿನೋ_ತುಂಗಾ
ಅಲ್ಲ. ಖಂಡಿತಾ ಅಲ್ಲ. ನಾನು ಓದೋಕೆ ಅಂತ ಬಂದು ಟೊರಿನೋದಲ್ಲಿ ನಾಲ್ಕು ವರ್ಷ ಆಯ್ತು, ವೊಲೊಂಟೆ ಹುಟ್ಟಿದ್ದು ಮಿಲಾನಲ್ಲಿ 1933ರಲ್ಲಿ, ಬೆಳೆದಿದ್ದು ಇದೇ ಊರಲ್ಲಿ. ನಮ್ಮ ಬಿಲ್ಡಿಂಗಲ್ಲಿ ಕೆಳಗಡೆ ಮನೇಲಿ ಒಬ್ರು ವಯಸ್ಸಾದ ಅಮ್ಮ ಇದಾರೆ, ರಿಟೈರ್ ಆದ ಕಾರ್ಖಾನೆ ಕೆಲಸದೋರು. ನಾನು ಒಂದಿನ ಎಲ್ ಇಂಡಿಯೋ ಅಂದೆ, ಅವ್ರಿಗೆ ಆ ಹೆಸರು ನೆನಪಿಗೆ ಬರೋಕೇ ಸ್ವಲ್ಪ ಹೊತ್ತು ಬೇಕಾಯ್ತು. ವೊಲೊಂಟೆ ಅಂದ್ರೆ ಅವ್ರಿಗೆ ಲೂಲು. 'ದಿ ವರ್ಕಿಂಗ್ ಕ್ಲಾಸ್ ಗೋಸ್ ಟು ಹೆವನ್' ಅಂತ 1971ರ ಸಿನಿಮಾ, ಎಲಿಯೋ ಪೆತ್ರಿದು, ನೊವಾರಾದಲ್ಲಿ ತೆಗೆದಿದ್ದು, ಇಲ್ಲಿಂದ ರೈಲಲ್ಲಿ ಒಂದು ಗಂಟೆ. ಲೂಲು ಅನ್ನೋನು ಮೆಷಿನ್ ಮುಂದೆ ಎಲ್ಲರಿಗಿಂತ ಜೋರಾಗಿ ಕೆಲಸ ಮಾಡೋನು, ಪೀಸಿಗಿಷ್ಟು ಅಂತ ಸಂಬಳ, ಮಾಲೀಕರಿಗೆ ಮುದ್ದು, ಜೊತೆಯವರಿಗೆ ಕಣ್ಣು ಕಿಸುರು. ಒಂದಿನ ಮೆಷಿನ್ನಿಗೆ ಬೆರಳು ಹೋಗತ್ತೆ, ಆಮೇಲೆ ಅವನ ತಲೇಲಿ ಎಲ್ಲ ಬದಲಾಗತ್ತೆ. ಆ ಅಮ್ಮ ನಂಗೆ ಅಡುಗೆಮನೆ ಟೇಬಲ್ ಮೇಲೆ ಕೈ ಇಟ್ಟು ತೋರ್ಸಿದ್ರು, ವೊಲೊಂಟೆ ಮೆಷಿನ್ ಮುಂದೆ ಹೇಗೆ ಕೈ ಆಡಿಸ್ತಿದ್ದ ಅಂತ, ಎಡಗೈ ಎಳೆಯೋದು, ಬಲಗೈ ತಳ್ಳೋದು. ಕೆಲಸ ಬಿಟ್ಟು ಅಷ್ಟು ವರ್ಷ ಆಗಿದ್ರೂ ಅವ್ರ ಕೈ ಆ ತಾಳಕ್ಕೇ ಹೋಯ್ತು. ಇದನ್ನ ನೋಡಿದ ಮೇಲೆ ಅವಕಾಶ ಕಳ್ಕೊಂಡ ಅಂತ ಹೇಳೋಕೆ ನಂಗೆ ಆಗಲ್ಲ.

ಇನ್ನೊಂದು. 1972ರ ಕಾನ್ ಫೆಸ್ಟಿವಲಲ್ಲಿ ದೊಡ್ಡ ಬಹುಮಾನ ಎರಡು ಇಟಲಿ ಸಿನಿಮಾಗೆ ಹಂಚಿ ಹೋಯ್ತು. ಒಂದು ಇದು. ಇನ್ನೊಂದು ಫ್ರಾಂಚೆಸ್ಕೋ ರೋಸಿಯ 'ದಿ ಮತ್ತೇಯಿ ಅಫೇರ್', 1962ರಲ್ಲಿ ವಿಮಾನ ಅಪಘಾತದಲ್ಲಿ ಸತ್ತ ಇಟಲಿಯ ತೈಲ ಕಂಪನಿ ಮುಖ್ಯಸ್ಥ ಎನ್ರಿಕೋ ಮತ್ತೇಯಿ ಕಥೆ. ಎರಡರಲ್ಲೂ ಹೀರೋ ವೊಲೊಂಟೆ. ಒಂದರಲ್ಲಿ ಕಾರ್ಮಿಕ, ಇನ್ನೊಂದರಲ್ಲಿ ಸರ್ಕಾರಿ ಕಂಪನಿ ದೊರೆ.

ಎಡವಟ್ಟು_ಎಂಜಿನಿಯರ್
ಒಂದೇ ವರ್ಷ ಎರಡೂ ಗೆದ್ದ ಸಿನಿಮಾದಲ್ಲಿ ಒಬ್ಬನೇನಾ? ಆಯ್ತು ಬಿಡಿ, ಒಪ್ಪಿದೆ.

ನೇರನುಡಿ_78
ಎಲ್ಲಾ ಸರಿ, ಆದ್ರೆ ಯಾರೂ ಹೇಳ್ದೇ ಇರೋದು ನಾನು ಹೇಳ್ತೀನಿ. ಮನುಷ್ಯ ಪಕ್ಕಾ ಕಮ್ಯುನಿಸ್ಟ್. ಸಿನಿಮಾನ ಪಕ್ಷದ ಭಾಷಣ ಮಾಡ್ಕೊಂಡ. ನಟ ಆದೋನು ಎಲ್ರಿಗೂ ಸೇರ್ದೋನು, ಒಂದು ಕಡೆ ನಿಂತ್ರೆ ಅರ್ಧ ಪ್ರೇಕ್ಷಕರು ಹೋದ್ರು ಅಂತಾನೇ ಲೆಕ್ಕ. ನಂಗೆ ಅದು ಹಿಡಿಸಲ್ಲ.

ಮಲ್ಲಿಗೆ_ಮಾತು
ಪಕ್ಷದ ಭಾಷಣ ಅಂತೀರಲ್ಲ, ಪೂರ್ತಿ ನೋಡಿದೀರಾ? ಕಮ್ಯುನಿಸ್ಟ್ ಪಾರ್ಟಿಯಿಂದ 1975ರಲ್ಲಿ ಲಾಟ್ಸಿಯೋ ಪ್ರಾಂತದ ಕೌನ್ಸಿಲ್‌ಗೆ ಗೆದ್ದ, ನಿಜ. ಆದ್ರೆ ಅವಧಿ ಮುಗಿಸ್ಲಿಲ್ಲ, ಮಧ್ಯದಲ್ಲೇ ರಾಜೀನಾಮೆ ಕೊಟ್ಟು ಬಂದ. ಪಕ್ಷಕ್ಕೆ ತಲೆ ಅಲ್ಲಾಡಿಸೋನಾಗಿದ್ರೆ ಕೂತೇ ಇರ್ತಿದ್ದ. ಇನ್ನೊಂದು ವಿಷ್ಯ, ಅವನಪ್ಪ ಫ್ಯಾಸಿಸ್ಟ್ ಪಡೇಲಿದ್ದೋನು, ಯುದ್ಧ ಮುಗಿದ ಮೇಲೆ ಜೈಲು ಸೇರ್ದ. ಆ ಮನೇಲಿ ಹುಟ್ಟಿದ ಹುಡುಗ ಅಧಿಕಾರ ಅಂದ್ರೇನು ಅಂತ ಜೀವನಪೂರ್ತಿ ಕೇಳ್ತಾ ಹೋಗಿದ್ರಲ್ಲಿ ಆಶ್ಚರ್ಯ ಏನಿದೆ?

ರಂಗಾಯಣದ_ಹಿಂಬಾಗಿಲು
1965ರಲ್ಲಿ, ಅಂದ್ರೆ ಎಲ್ ಇಂಡಿಯೋ ಮಾಡಿದ ವರ್ಷವೇ, ರೋಮ್‌ನಲ್ಲಿ ಹೋಖ್‌ಹೂತ್ ಬರೆದ 'ದಿ ಡೆಪ್ಯುಟಿ' ನಾಟಕ ಆಡೋಕೆ ಹೊರಟಿದ್ದ. ಯಹೂದ್ಯರ ಹತ್ಯೆ ಆಗ್ತಿದ್ದಾಗ ಪೋಪ್ ಯಾಕೆ ಬಾಯಿ ಬಿಡ್ಲಿಲ್ಲ ಅಂತ ಕೇಳೋ ನಾಟಕ. ಪೊಲೀಸರು ಬಂದು ನಿಲ್ಸಿದ್ರು. ಒಂದು ಕಡೆ ಡಾಲರ್ ಸಿನಿಮಾದಲ್ಲಿ ಹೆಸರು, ಇನ್ನೊಂದು ಕಡೆ ಇದು. ನೇರನುಡಿ ಅವ್ರೇ, ಪ್ರೇಕ್ಷಕರ ಲೆಕ್ಕ ಹಾಕೋನಾಗಿದ್ರೆ ಈ ಕೆಲಸಕ್ಕೆ ಕೈ ಹಾಕ್ತಿರ್ಲಿಲ್ಲ.

ನೇರನುಡಿ_78
ಧೈರ್ಯ ಇತ್ತು ಅಂತ ಒಪ್ತೀನಿ. ಅಭಿಪ್ರಾಯ ಒಪ್ಪಲ್ಲ. ಎರಡೂ ಬೇರೆ ಬೇರೆ.

ಧಾರವಾಡ_ಫೇಡೆ
ಹಂಗಾದ್ರ 'ಸಾಕೋ ಅಂಡ್ ವಾಂಜೆಟ್ಟಿ' ನೋಡ್ರಿ ನೇರನುಡಿಯವರ. ಅಮೆರಿಕಾದಾಗ ದುಡಿಯಾಕ ಹೋದ ಇಟಲಿಯ ಇಬ್ರು ಬಡವರು, ಒಬ್ಬ ಚಪ್ಪಲಿ ಕಾರ್ಖಾನೆಯವ, ಒಬ್ಬ ಮೀನು ಮಾರಾವ, ಕೊಲೆ ಆಪಾದನೆ ಮ್ಯಾಲ 1927ರಾಗ ಕರೆಂಟ್ ಕುರ್ಚಿಗೆ ಹಾಕಿದ್ರು. ಐವತ್ತು ವರ್ಷ ಆದ ಮ್ಯಾಲ ಮ್ಯಾಸಚೂಸೆಟ್ಸ್ ಗವರ್ನರೇ ಆ ವಿಚಾರಣೆ ನ್ಯಾಯವಾಗಿ ನಡೀಲಿಲ್ಲ ಅಂತ ಒಪ್ಕೊಂಡ. ವೊಲೊಂಟೆ ವಾಂಜೆಟ್ಟಿ. ಕೋರ್ಟಿನ್ಯಾಗ ನಿಂತು ಮಾತಾಡೋದು ನೋಡ್ರಿ, ಒದರಂಗಿಲ್ಲ, ಅಳಂಗಿಲ್ಲ. ಸಂಗೀತ ಮತ್ತ ಮೊರಿಕೋನೆ, ಹಾಡು ಜೋನ್ ಬಯೇಜ್. ಅದಕ್ಕ ಪಕ್ಷ ಬೇಕಾಗಂಗಿಲ್ಲ, ಎದಿ ಇದ್ರ ಸಾಕು.

ಗಂಡುಗಲಿ_ಅಭಿಮಾನಿ
ಸ್ವಲ್ಪ ಹಳೇ ವಿಷ್ಯಕ್ಕೆ ಹೋಗ್ತೀನಿ. 'ಫಿಸ್ಟ್‌ಫುಲ್' ಕಥೆ ಲಿಯೋನೆದಲ್ಲ, ಜಪಾನಿನ ನಿರ್ದೇಶಕ ಕುರೊಸಾವಾ 1961ರಲ್ಲಿ ಮಾಡಿದ 'ಯೋಜಿಂಬೋ'. ಕೇಸ್ ಹಾಕಿ ಗಳಿಕೆಯಲ್ಲಿ ಶೇಕಡ 15 ಪಾಲು ತಗೊಂಡ್ರು ಜಪಾನಿನೋರು. ಎರಡು ಬಣದ ಮಧ್ಯ ಬಂದು ನಿಲ್ಲೋ ಬಾಡಿಗೆ ಕತ್ತಿ, ಇದೇ ಕುರೊಸಾವಾ ಗಾಳಿ ನಮ್ಮ ಕಡೆಗೂ ಬೀಸಿ 1978ರಲ್ಲಿ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಆಯ್ತು, ಶಂಕರನಾಗ್ ಗಂಡುಗಲಿ ಆಗಿ ಬಂದ್ರು. ಸ್ಪೇನಿನ ಮರಳಲ್ಲಿ ವೊಲೊಂಟೆ, ಮಲೆನಾಡಿನ ಕಾಡಲ್ಲಿ ಸುಂದರಕೃಷ್ಣ ಅರಸ್. ಒಂದೇ ಮರದ ಎರಡು ಕೊಂಬೆ ಅಂತ ಅನ್ಸತ್ತೆ ನಂಗೆ.

ಬಸವನಗುಡಿ_ಬೆಂಚು
'ಶೋಲೆ'ನೂ ಸೇರ್ಸಿ. ರಾಮನಗರದ ಬಂಡೆಗಳಿಗೆ ಆ ಧೂಳು ಬಂದಿದ್ದು ಲಿಯೋನೆ ಕಡೆಯಿಂದ್ಲೇ.

ಗಂಡುಗಲಿ_ಅಭಿಮಾನಿ
ಗಬ್ಬರ್‌ನಲ್ಲೂ ಎಲ್ ಇಂಡಿಯೋ ವಾಸನೆ ಇದೆ ಅಂತ ನಾನು ಮೊದ್ಲಿಂದ್ಲೂ ಹೇಳ್ತಿದೀನಿ. ಜೊತೆಯವರನ್ನೇ ನಡುಗ್ಸೋ ನಗು, ಮಗೂನ ಕೂಡ ಬಿಡದೆ ಇರೋದು.

ಕೆಂಗೇರಿ_ಕಿರಣ
ಓ ಇದು ಹೊಳೆದಿರ್ಲಿಲ್ಲ. ಅಮ್ಜದ್ ಖಾನ್‌ಗೆ ನಾವ್ಯಾರೂ ಓವರ್ ಅನ್ನಲ್ಲ.

ಪುಟ್ಟಗೌರಿ_ಪುತ್ತೂರು
ಒಂದು ವಿನಂತಿ. ಇಷ್ಟು ದೊಡ್ಡ ಕಲಾವಿದರನ್ನು ಎಲ್ಲರೂ ಅವನು ಇವನು ಅಂತ ಹೇಳ್ತಿದ್ದೀರಿ. ಶೆಟ್ರು ಒಬ್ಬರೇ ಅವರು ಅಂತ ಬರೆದದ್ದು.

ಧಾರವಾಡ_ಫೇಡೆ
ನಮ್ಮ ಕಡೆ ಪ್ರೀತಿ ಇದ್ದವ್ರಿಗೆ ಅವ ಅಂತೀವ್ರಿ. ದೇವರಿಗೂ ಏಕವಚನನ.

ಸೆಲ್ಯುಲಾಯ್ಡ್_ಶೆಟ್ರು
ಪರವಾಗಿಲ್ಲ ಬಿಡಿ, ಪ್ರೀತಿಯಿಂದಲೇ ಹೇಳ್ತಿದ್ದಾರೆ. ಮೂಲ ಪ್ರಶ್ನೆಗೆ ಬರುವಾ. ಪ್ರೊಜೆಕ್ಟರ್ ಅವರೇ, ನೀವು 'ಇನ್ವೆಸ್ಟಿಗೇಷನ್' ನೋಡದಿದ್ರೆ ಈ ವಾರವೇ ನೋಡಿ. ಅದು ಪೆತ್ರಿಯದ್ದೇ, 1970ರಲ್ಲಿ ಬಂದದ್ದು, ವಿದೇಶಿ ಸಿನಿಮಾ ವಿಭಾಗದಲ್ಲಿ ಆಸ್ಕರ್ ಉಂಟು. ಪೊಲೀಸ್ ಇಲಾಖೆಯ ದೊಡ್ಡ ಅಧಿಕಾರಿ ತನ್ನ ಪ್ರೇಯಸಿಯನ್ನು ಕೊಲ್ಲುತ್ತಾನೆ, ಕೊಂದ ಮೇಲೆ ಸಾಕ್ಷಿ ಅಳಿಸುವುದಲ್ಲ, ಸಾಕ್ಷಿ ಬಿಡುತ್ತಾನೆ. ರಕ್ತದಲ್ಲಿ ಬೂಟಿನ ಗುರುತು, ಬೆರಳಚ್ಚು, ಅವಳ ಉಗುರಿನಲ್ಲಿ ತನ್ನ ಟೈಯಿಂದ ಕಿತ್ತ ನೀಲಿ ದಾರದ ಎಳೆ. ತನ್ನನ್ನು ಯಾರೂ ಅನುಮಾನಿಸಲಾರರು ಅಂತ ಸಾಬೀತು ಮಾಡುವುದಕ್ಕೆ. ಎಲ್ ಇಂಡಿಯೋ ಕಾನೂನಿನ ಹೊರಗೆ ನಿಂತು ಮಾಡಿದ್ದನ್ನು ಈ ಅಧಿಕಾರಿ ಕಾನೂನಿನ ಒಳಗೆ ಕೂತು ಮಾಡ್ತಾನೆ. ಇದಕ್ಕೂ ಸಂಗೀತ ಮೊರಿಕೋನೆ, ಆದ್ರೆ ಗಡಿಯಾರದ ಹಾಗೆ ಮೆದುವಾಗಿಲ್ಲ, ಕುಂಟಿಕೊಂಡು ಬರುವ ಹಾಗೆ ಉಂಟು.

ಟೊರಿನೋ_ತುಂಗಾ
ಮತ್ತೆ ಅವನ ಮಾತಿನ ಧಾಟಿ ಗಮನ್ಸಿ. ಉತ್ತರದ ಟೊರಿನೋದಲ್ಲಿ ಬೆಳೆದೋನು ಆ ಸಿನಿಮಾದಲ್ಲಿ ದಕ್ಷಿಣದವರ ರಾಗದಲ್ಲಿ ಮಾತಾಡ್ತಾನೆ, ಬೀದರಿನ ಮಾತನ್ನ ಮಂಡ್ಯದೋನು ತಪ್ಪಿಲ್ಲದೆ ಆಡಿದ ಹಾಗೆ. ಸಬ್‌ಟೈಟಲಲ್ಲಿ ಅದು ಬರಲ್ಲ, ಕಿವಿಗೇ ಕೇಳ್ಬೇಕು.

ಮಲ್ಲಿಗೆ_ಮಾತು
ಆಮೇಲಿನವೂ ಬರೀತೀನಿ, ಪ್ರೊಜೆಕ್ಟರ್ ಅವ್ರಿಗೆ ಅನುಕೂಲ ಆಗ್ಲಿ ಅಂತ. 'ಕ್ರೈಸ್ಟ್ ಸ್ಟಾಪ್ಡ್ ಅಟ್ ಎಬೋಲಿ' 1979, ಮುಸೊಲಿನಿ ಕಾಲದಲ್ಲಿ ಗಡೀಪಾರಾಗಿ ದಕ್ಷಿಣದ ಬಡ ಹಳ್ಳಿಗೆ ಬಂದ ಕಾರ್ಲೋ ಲೇವಿ ಪಾತ್ರ, ಅಲ್ಲಿ ಅವನು ಮಾಡೋದು ಬಹುಪಾಲು ಕೇಳಿಸ್ಕೊಳ್ಳೋದು ಮಾತ್ರ. 1983ರಲ್ಲಿ 'ದಿ ಡೆತ್ ಆಫ್ ಮಾರಿಯೋ ರಿಚಿ'ಗೆ ಕಾನ್‌ನಲ್ಲಿ ಅತ್ಯುತ್ತಮ ನಟ. 1978ರಲ್ಲಿ ಅಪಹರಣ ಆಗಿ ಕೊಲೆಯಾದ ಇಟಲಿಯ ಮಾಜಿ ಪ್ರಧಾನಿ ಆಲ್ದೋ ಮೋರೋ ಪಾತ್ರಕ್ಕೆ 1987ರಲ್ಲಿ ಬರ್ಲಿನ್‌ನ ಬೆಳ್ಳಿ ಕರಡಿ. 1990ರ 'ಓಪನ್ ಡೋರ್ಸ್' ನಲ್ಲಿ ಮರಣದಂಡನೆ ಕೊಡಲ್ಲ ಅಂತ ಹಟ ಹಿಡಿಯೋ ಜಡ್ಜ್. ಬಂದೂಕು ಹಿಡ್ಕೊಂಡು ಶುರು ಮಾಡ್ದೋನು ಅಲ್ಲಿಗೆ ಬಂದ.

ಎಡವಟ್ಟು_ಎಂಜಿನಿಯರ್
ಈಗ ಇದಾರಾ?

ಬಸವನಗುಡಿ_ಬೆಂಚು
ಇಲ್ಲ. 1994 ಡಿಸೆಂಬರ್ 6.

ಟೊರಿನೋ_ತುಂಗಾ
ಶೂಟಿಂಗ್ ನಡೀತಿರೋವಾಗ್ಲೇ. ಗ್ರೀಸಿನ ಫ್ಲೋರಿನಾ ಅನ್ನೋ ಊರು, ಆಂಜೆಲೊಪೌಲೋಸ್‌ನ 'ಯುಲಿಸಿಸ್ ಗೇಜ್'. ಹೃದಯಾಘಾತ, 61 ವರ್ಷ. ಆ ಪಾತ್ರವನ್ನ ಆಮೇಲೆ ಸ್ವೀಡನ್ನಿನ ಎರ್ಲಂಡ್ ಯೋಸೆಫ್‌ಸನ್ ಮಾಡಿದ್ರು, ಸಿನಿಮಾನ ವೊಲೊಂಟೆಗೆ ಅರ್ಪಿಸಿದ್ರು. ಅವನಿಗೆ ಹಾಯಿದೋಣಿ ಅಂದ್ರೆ ಹುಚ್ಚು, ಸಮಾಧಿ ಇರೋದು ಸಾರ್ಡೀನಿಯಾ ಪಕ್ಕದ ಲಾ ಮದ್ದಲೇನಾ ದ್ವೀಪದಲ್ಲಿ. ರಜೆಗೆ ಒಂದ್ಸಲ ಹೋಗ್ಬೇಕು ಅಂತಿದೀನಿ.

ನೇರನುಡಿ_78
'ಓಪನ್ ಡೋರ್ಸ್' ನಿನ್ನೆ ರಾತ್ರಿ ನೋಡ್ದೆ. ಹೇಳ್ಬೇಕು ಅನ್ಸ್ತು. ಆ ಜಡ್ಜ್ ಒಂದು ಸಲಾನೂ ದನಿ ಎತ್ತಲ್ಲ. ಚೆನ್ನಾಗಿದೆ.

ಹಳೇ_ಪ್ರೊಜೆಕ್ಟರ್
ಎಲ್ರಿಗೂ ಧನ್ಯವಾದ, ಒಂದು ವಾರ ಉತ್ತರ ಕೊಡೋಕಾಗ್ಲಿಲ್ಲ ಅಷ್ಟೇ, ಎಲ್ಲ ಓದಿದೀನಿ. ನಿನ್ನೆ ಅಪ್ಪನ್ನ ಕೂರಿಸ್ಕೊಂಡು 'ಇನ್ವೆಸ್ಟಿಗೇಷನ್' ಹಾಕ್ದೆ, ಇಟಾಲಿಯನ್ ಆಡಿಯೋ, ಇಂಗ್ಲಿಷ್ ಸಬ್‌ಟೈಟಲ್. ಯಾರು ಅಂತ ಹೇಳಿರ್ಲಿಲ್ಲ. ಗಡ್ಡ ಇಲ್ಲ, ಕೂದ್ಲು ಎಣ್ಣೆ ಹಾಕಿ ಬಾಚಿರೋದು, ಸೂಟು, ಅಪ್ಪಂಗೆ ಗೊತ್ತಾಗ್ಲಿಲ್ಲ. ಟೈಯಿಂದ ನೀಲಿ ದಾರ ಎಳೀತಾನಲ್ಲ, ಎರಡು ಬೆರಳಲ್ಲಿ, ನಿಧಾನಕ್ಕೆ, ಅಲ್ಲಿ ಅಪ್ಪ ಮುಂದಕ್ಕೆ ಬಾಗಿ ಕೂತ್ರು. ಸ್ವಲ್ಪ ಹೊತ್ತಾದ ಮೇಲೆ ಏ, ಗಡಿಯಾರದೋನಲ್ವೇನೋ ಇದು ಅಂದ್ರು. ಹೌದಪ್ಪಾ ಅಂದೆ. ತುಂಗಾ ಅವ್ರು ಬರೆದಿದ್ದನ್ನ ಹೇಳ್ದೆ, ಆಗ ನೀವು ಥಿಯೇಟರಲ್ಲಿ ಕೇಳಿದ್ದು ಇವನ ದನಿ ಅಲ್ಲವಂತೆ ಅಂತ. ಅಪ್ಪ ರಿಮೋಟ್ ಇಸ್ಕೊಂಡು ಸೌಂಡ್ ಜಾಸ್ತಿ ಮಾಡಿದ್ರು, ಭಾಷೆ ಒಂದಕ್ಷರ ಅರ್ಥ ಆಗಲ್ಲ ಅವ್ರಿಗೆ, ಕಣ್ಣು ಸಬ್‌ಟೈಟಲ್ ಮೇಲೂ ಇರ್ಲಿಲ್ಲ. ಇಷ್ಟು ವರ್ಷ ಇವನ ದನೀನೇ ಕೇಳಿರ್ಲಿಲ್ವಲ್ಲೋ ಅಂದ್ರು.

ಬರೋ ಭಾನುವಾರ 'ಫೇಸ್ ಟು ಫೇಸ್'. ಒಳ್ಳೆ ಪ್ರಿಂಟ್ ಯಾರ ಹತ್ರ ಇದೆ?

ಮಲ್ಲಿಗೆ_ಮಾತು
ನನ್ನ ಹತ್ರ ಡಿಸ್ಕ್ ಇದೆ, ಕಟ್ ಆಗದೇ ಇರೋದು. ಮೈಸೂರಾದ್ರೆ ಬಂದು ತಗೊಂಡ್ಹೋಗಿ.